ಯುಟಿಲಿಟಿ ಸರಿಮಾಡುವುದು ಹೇಗೆ: ನೀರಿನ ದಾರಿ ಮೊದಲು, ಬಣ್ಣ ಆಮೇಲೆ

ಬಟ್ಟೆ ಒಗೆಯುವುದಕ್ಕೆ ಅಂತಲೇ ಒಂದು ರೂಮು ಇರುವ ಮನೆ ಬೆಂಗಳೂರಿನಲ್ಲಿ ಅಪರೂಪ. ನಮಗೆಲ್ಲ ಇರುವುದು ಯುಟಿಲಿಟಿ. ಅಡುಗೆಮನೆಯ ಹಿಂದಿನ ಬಾಗಿಲು ತೆಗೆದರೆ ನಾಲ್ಕಡಿ ಅಗಲದ ಜಾಗ. ವಾಷಿಂಗ್ ಮೆಷಿನ್ ಅಲ್ಲೇ, ಪಾತ್ರೆ ತೊಳೆಯುವ ಸಿಂಕ್ ಅಲ್ಲೇ. ಗ್ಯಾಸ್ ಸಿಲಿಂಡರ್, ಪೊರಕೆ, ಬಕೆಟ್, ಗುಜರಿಗೆ ಹಾಕಬೇಕು ಅಂತ ಕಟ್ಟಿಟ್ಟ ಹಳೆ ಪೇಪರ್ ಕೂಡ ಅಲ್ಲೇ. ನೆಂಟರು ಬಂದರೆ ಆ ಬಾಗಿಲು ಮುಚ್ಚಿಬಿಡುತ್ತೇವೆ. ಆದರೆ ಮನೆಯಲ್ಲಿ ಯಾರೋ ಒಬ್ಬರು ದಿನಾ ಒಂದೆರಡು ಗಂಟೆ ಅಲ್ಲೇ ನಿಂತು ಕೆಲಸ ಮಾಡುತ್ತಾರೆ, ಅಲ್ವಾ? ಅವರಿಗೋಸ್ಕರ ಈ ಜಾಗ ಸರಿಯಾಗಬೇಕು.

ಬಸವೇಶ್ವರನಗರದ ನಮ್ಮ ಮನೆಯ ಯುಟಿಲಿಟಿ ನಾಲ್ಕಡಿ ಅಗಲ, ಎಂಟಡಿ ಉದ್ದ. ಅದನ್ನು ನಾವು ಎರಡು ಸಲ ಸರಿಮಾಡಿಸಿದ್ದೇವೆ. ಮೊದಲ ಸಲ 2019ರಲ್ಲಿ ಬಣ್ಣದಿಂದ ಶುರು ಮಾಡಿದೆವು. ತಿಳಿ ಹಸಿರು ಬಣ್ಣ ಬಳಿದು, ಚಂದದ ಶೆಲ್ಫ್ ಹೊಡೆಸಿ, ಒಂದು ಮನಿಪ್ಲಾಂಟ್ ಇಟ್ಟೆವು. ಒಂದು ಮಳೆಗಾಲ ಕಳೆಯುವುದರೊಳಗೆ ಮೆಷಿನ್ ಹಿಂದಿನ ಗೋಡೆ ಉಬ್ಬಿ, ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಕಾರಣ ಬಣ್ಣ ಅಲ್ಲ. ನೆಲದ ನೀರು ಜಾಲಿಯ ಕಡೆ ಹೋಗುವ ಬದಲು ಗೋಡೆ ಬುಡಕ್ಕೆ ಹೋಗಿ ನಿಲ್ಲುತ್ತಿತ್ತು. ಎರಡನೇ ಸಲ ಕ್ರಮ ಬದಲಿಸಿದೆವು. ನೀರು, ಕರೆಂಟು, ಗಾಳಿ ಮೊದಲು, ಉಳಿದದ್ದು ಆಮೇಲೆ. ಖರ್ಚು ಜಾಸ್ತಿ ಆಗಲಿಲ್ಲ, ಇವತ್ತಿಗೂ ಗೋಡೆ ಒಣಗಿಯೇ ಇದೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ವಾರ ಸುಮ್ನೆ ನೋಡಿ

ಏನನ್ನೂ ಕೊಳ್ಳುವ ಮೊದಲು ಜಾಗ ಪೂರ್ತಿ ಖಾಲಿ ಮಾಡಿ. ಆರು ತಿಂಗಳಿಂದ ಮುಟ್ಟದ ಸಾಮಾನು ವಾಪಸ್ ಒಳಗೆ ಬರಬಾರದು. ಕೆಟ್ಟ ಮಿಕ್ಸಿ, ಒಡೆದ ಬಕೆಟ್, ಖಾಲಿ ಪೇಂಟ್ ಡಬ್ಬ ಎಲ್ಲ ಗುಜರಿಗೆ. ಬಹಳ ಮನೆಗಳಲ್ಲಿ ಅರ್ಧ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ, ಒಂದು ರೂಪಾಯಿ ಖರ್ಚಿಲ್ಲದೆ.

ಆಮೇಲೆ ಒಂದು ವಾರ ಗಮನಿಸಿ. ಬಿಸಿಲು ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಹೋಗುತ್ತದೆ? ಮಳೆ ಇರಚಲು ಎಲ್ಲಿಯವರೆಗೆ ಬರುತ್ತದೆ? ನೆಲ ತೊಳೆದ ಮೇಲೆ ನೀರು ಎಲ್ಲಿ ನಿಲ್ಲುತ್ತದೆ? ಪಾರಿವಾಳ ಎಲ್ಲಿ ಕೂರುತ್ತದೆ? ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಅಲ್ಲಿ ಕೆಲಸ ಮಾಡುವವರನ್ನು ಕೇಳುವುದು ಮರೆಯಬೇಡಿ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನನ್ನು ಕೇಳಿದಾಗ, "ನಲ್ಲಿ ಕೆಳಗೆ ಬಕೆಟ್ ನೆಟ್ಟಗೆ ಕೂರಲ್ಲಮ್ಮ, ದಿನಾ ಓರೆ ಮಾಡಿ ಹಿಡೀಬೇಕು" ಅಂದರು. ಎಷ್ಟೋ ವರ್ಷದಿಂದ ಅದೇ ನಲ್ಲಿ, ನಮಗೆ ಗೊತ್ತೇ ಇರಲಿಲ್ಲ. ನಲ್ಲಿಯನ್ನು ಅರ್ಧ ಅಡಿ ಮೇಲಕ್ಕೆ ಎತ್ತಿಸಿದೆವು, ಅಷ್ಟೇ.

ಅತ್ತೆಯ ಬೇಡಿಕೆ ಒಂದೇ. "ಏನಾದ್ರೂ ಮಾಡ್ಕೊ, ಕಲ್ಲು ಮಾತ್ರ ತೆಗೀಬೇಡಮ್ಮ." ನಮ್ಮ ಮನೆಯಲ್ಲಿರುವುದು ಬೂದು ಬಣ್ಣದ ಸಾದರಹಳ್ಳಿ ಕಲ್ಲು. ಬೆಂಗಳೂರಿನ ಹಳೆ ಮನೆಗಳಲ್ಲಿ ಒಗೆಯುವ ಕಲ್ಲು, ಮೆಟ್ಟಿಲು, ಕಂಬ ಎಲ್ಲದಕ್ಕೂ ಬಳಸುತ್ತಿದ್ದ ಗಟ್ಟಿ ಗ್ರಾನೈಟ್ ಅದು. ಹಾಸಿಗೆ ಹೊದಿಕೆ, ಕಾಲೊರಸು, ಮಕ್ಕಳ ಶಾಲೆ ಸಾಕ್ಸು ಇವಕ್ಕೆ ಕಲ್ಲಿಗಿಂತ ಒಳ್ಳೆಯದಿಲ್ಲ ಅಂತ ನನಗೂ ಈಗ ಅನಿಸುತ್ತದೆ. ನಿಮ್ಮಲ್ಲೂ ಕಲ್ಲಿದ್ದರೆ ಕೀಳಿಸಬೇಡಿ. ಮಂಡಿ ನೋವಿದ್ದವರಿಗೆ ಅದನ್ನು ಇಟ್ಟಿಗೆ ಕಟ್ಟೆಯ ಮೇಲೆ ಸೊಂಟದ ಮಟ್ಟಕ್ಕೆ ಎತ್ತಿಸಿಕೊಡಿ. ನಿಂತೇ ಒಗೆಯಬಹುದು, ಕೆಳಗಿನ ಜಾಗದಲ್ಲಿ ಬಕೆಟ್ ಇಡಬಹುದು.

ನೀರು

ಒಂದು ಬಕೆಟ್ ನೀರು ನೆಲಕ್ಕೆ ಸುರಿಯಿರಿ. ಎರಡು ನಿಮಿಷದಲ್ಲಿ ಅದು ತಾನಾಗಿ ಜಾಲಿಗೆ ಹರಿದು ಹೋಗಬೇಕು. ಎಲ್ಲಾದರೂ ನಿಂತರೆ ಇಳಿಜಾರು ಸರಿಯಿಲ್ಲ. ಗಾರೆ ಕೆಲಸದವರು ಇದನ್ನು ವಾಟ ಅನ್ನುತ್ತಾರೆ. ಒಂದು ಮೀಟರಿಗೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಇಳಿಜಾರಿದ್ದರೆ ಸಾಕು. ವಾಟ ಸರಿಮಾಡಲು ಇಡೀ ನೆಲ ಕೀಳಬೇಕಾಗಿಲ್ಲ. ಜಾಲಿ ಸುತ್ತಲಿನ ನಾಲ್ಕಾರು ಟೈಲ್ಸ್ ತೆಗೆದು ಹೊಸದಾಗಿ ಕೂರಿಸಿದರೆ ಹೆಚ್ಚಿನ ಕಡೆ ಸರಿಹೋಗುತ್ತದೆ. ಕೆಲಸದವರು ಹೊರಡುವ ಮೊದಲು ನೀವೇ ನಿಂತು ಮತ್ತೆ ಒಂದು ಬಕೆಟ್ ಸುರಿದು ನೋಡಿ. ದುಡ್ಡು ಕೊಡುವುದು ಅದಾದ ಮೇಲೆ.

ಟೈಲ್ಸ್ ತೆಗೆದಾಗಲೇ ಗೋಡೆ ಮತ್ತು ನೆಲ ಸೇರುವ ಮೂಲೆಗೆ ವಾಟರ್‌ಪ್ರೂಫಿಂಗ್ ಹೊಡೆಸಿ. ಗೋಡೆಯ ಮೇಲೆ ಒಂದಡಿವರೆಗೂ ಅದು ಬರಲಿ. ವಾಸನೆ ಮತ್ತು ಜಿರಳೆ ಬಗ್ಗೆಯೂ ಆಗಲೇ ಯೋಚಿಸಿ. ಜಾಲಿ ಕೆಳಗೆ ನಹಾನಿ ಟ್ರ್ಯಾಪ್ ಇದ್ದರೆ ಅದರಲ್ಲಿ ಸದಾ ನಿಲ್ಲುವ ನೀರು ಚರಂಡಿ ವಾಸನೆ ಮತ್ತು ಜಿರಳೆಯನ್ನು ತಡೆಯುತ್ತದೆ. ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದಾಗ ಯುಟಿಲಿಟಿ ನಾರುವುದು ಆ ನೀರು ಆರಿಹೋಗಿರುವುದಕ್ಕೆ. ಒಂದು ಚೊಂಬು ನೀರು ಹಾಕಿದರೆ ಸರಿಹೋಗುತ್ತದೆ.

ಇನ್ನು ಮೆಷಿನ್ನಿನ ಪೈಪುಗಳು. ಫ್ರಂಟ್ ಲೋಡ್ ಮೆಷಿನ್ನಿನ ಹೊರಹೋಗುವ ಪೈಪಿನ ಬಾಯಿ ನೆಲದಿಂದ ಸುಮಾರು 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿ ಇರಬೇಕು. ಎಷ್ಟೋ ಮನೆಗಳಲ್ಲಿ ಅದನ್ನು ಸೀದಾ ನೆಲದ ಜಾಲಿಗೆ ಬಿಟ್ಟಿರುತ್ತಾರೆ. ಆಗ ಒಳಗೆ ತುಂಬಿದ ನೀರು ತುಂಬುತ್ತಿದ್ದ ಹಾಗೇ ಎಳೆದುಕೊಂಡು ಹೊರಗೆ ಹೋಗುತ್ತದೆ. ಮೆಷಿನ್ ಮತ್ತೆ ಮತ್ತೆ ತುಂಬಿಸುತ್ತಲೇ ಇರುತ್ತದೆ. ನೀರಿನ ಬಿಲ್ ಯಾಕೆ ಏರಿತು ಅಂತ ಆಮೇಲೆ ತಲೆ ಕೆಡಿಸಿಕೊಳ್ಳುತ್ತೇವೆ. ಗೋಡೆಗೆ ಒಂದು ಕ್ಲಾಂಪ್ ಹೊಡೆದು ಪೈಪನ್ನು ಮೇಲಕ್ಕೆತ್ತಿ ಕಟ್ಟಿದರೆ ಆಯಿತು. ಪಂಪ್ ಇಲ್ಲದ ಟಾಪ್ ಲೋಡ್ ಮೆಷಿನ್ನಿಗೆ ಇದು ತಿರುಗುಮುರುಗು. ಅದರ ಪೈಪು ಕೆಳಗೇ ಇರಬೇಕು. ನಿಮ್ಮದು ಯಾವುದು ಅಂತ ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ನೋಡಿಕೊಳ್ಳಿ.

ಮೇಲಿನ ಮಹಡಿಯಲ್ಲಿ ಇರುವವರು ನೀರಿನ ಒತ್ತಡವನ್ನೂ ನೋಡಬೇಕು. ಟ್ಯಾಂಕ್ ತಲೆ ಮೇಲೇ ಇದ್ದರೆ ನೀರು ಜೋರಾಗಿ ಬರುವುದಿಲ್ಲ. ಮೂರು ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಸಿಗುವ ಒತ್ತಡ 0.3 ಬಾರ್ ಮಾತ್ರ. ಮೆಷಿನ್ನಿಗೆ ಎಷ್ಟು ಬೇಕು ಅನ್ನುವುದೂ ಅದೇ ಪುಸ್ತಕದಲ್ಲಿ ಇರುತ್ತದೆ. ಸಾಲದಿದ್ದರೆ ಪಂಪ್ ಹಾಕಿಸುವ ಮೊದಲು ಒಳಬರುವ ಪೈಪಿನ ಬಾಯಲ್ಲಿರುವ ಚಿಕ್ಕ ಜಾಲರಿ ಬಿಚ್ಚಿ ತೊಳೆಯಿರಿ. ಮರಳು, ತುಕ್ಕು ಕಟ್ಟಿಕೊಂಡಿದ್ದರೆ ಅಷ್ಟರಲ್ಲೇ ಸರಿಹೋಗಬಹುದು.

ಬೆಂಗಳೂರಿನ ಯುಟಿಲಿಟಿಯ ದೊಡ್ಡ ಶತ್ರು ಗಡಸು ನೀರು. ಸುಮಾರು 100 ಕಿಲೋಮೀಟರ್ ದೂರದಿಂದ ಬರುವ ಕಾವೇರಿ ನೀರು ಅಷ್ಟು ಗಡಸಲ್ಲ. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಹಾಗಲ್ಲ. ಹೊರವಲಯದ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಆದರೂ ಬೋರ್ ನೀರಲ್ಲೇ ಬಟ್ಟೆ ಒಗೆಯುವ ಮನೆಗಳು ಊರ ತುಂಬ ಇವೆ. ನಲ್ಲಿ ಬಾಯಲ್ಲಿ ಬಿಳಿ ಪುಡಿ ಕಟ್ಟಿದ್ದರೆ, ಸಾಬೂನು ನೊರೆ ಬರದೆ ಮೊಸರಿನ ಹಾಗೆ ಒಡೆದರೆ, ನಿಮ್ಮದು ಗಡಸು ನೀರು. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಆಗುವ ಗಸಿ ಅದು. ಟವೆಲ್ ಒರಟಾಗುವುದಕ್ಕೂ, ಬಿಳಿ ಬಟ್ಟೆ ಮಂಕಾಗುವುದಕ್ಕೂ ಇದರ ಪಾಲು ದೊಡ್ಡದು. ಇಂಥ ನೀರಿಗೆ ಡಿಟರ್ಜೆಂಟ್ ಪುಡಿ ಅಥವಾ ಲಿಕ್ವಿಡ್ ಡಿಟರ್ಜೆಂಟ್ ವಾಸಿ, ಬಾರ್ ಸೋಪಲ್ಲ.

ಮೆಷಿನ್ ಒಳಗೆ ಕಟ್ಟುವ ಬಿಳಿ ಪೊರೆಗೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಸಾಕು. ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಎರಡು ತಿಂಗಳಿಗೊಮ್ಮೆ ಸುಮಾರು 100 ಗ್ರಾಂ ಹಾಕಿ, ಬಟ್ಟೆಯಿಲ್ಲದೆ ಬಿಸಿನೀರಿನಲ್ಲಿ ಒಂದು ಸುತ್ತು ಓಡಿಸಿ. ಎರಡು ಎಚ್ಚರಿಕೆ ಇದೆ. ನಿಂಬೆ ಉಪ್ಪನ್ನು ಯಾವ ಕಾರಣಕ್ಕೂ ಬ್ಲೀಚ್ ಜೊತೆ ಸೇರಿಸಬೇಡಿ. ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಬರುತ್ತದೆ. ಇನ್ನೊಂದು, ಕಡಪ ಕಲ್ಲಿನ ಕಟ್ಟೆಯ ಮೇಲೆ ಅದನ್ನು ಚೆಲ್ಲಬೇಡಿ. ಕಡಪ ಕಲ್ಲು ಸುಣ್ಣದ ಕಲ್ಲು, ಹುಳಿ ಬಿದ್ದಲ್ಲಿ ಹೊಳಪು ಹೋಗಿ ಬೆಳ್ಳಗಾಗುತ್ತದೆ.

2024ರ ಬೇಸಿಗೆ ನೆನಪಿದೆಯಲ್ಲ. ಟ್ಯಾಂಕರ್‌ಗೆ ಕಾದು ಕೂತ ಆ ತಿಂಗಳುಗಳಲ್ಲಿ ನಾವು ಮೆಷಿನ್ನಿನ ಪೈಪನ್ನು 100 ಲೀಟರ್ ಡ್ರಮ್ಮಿಗೆ ಬಿಟ್ಟೆವು. ಕೊನೆಯ ಸಲ ಜಾಲಿಸಿದ ನೀರು ನೆಲ ಒರೆಸುವುದಕ್ಕೆ, ಮೊದಲ ನೀರು ಕಕ್ಕಸಿಗೆ. ಈಗಲೂ ಅದನ್ನು ಬಿಟ್ಟಿಲ್ಲ. ಯುಟಿಲಿಟಿ ಸರಿಮಾಡುವಾಗಲೇ ಒಂದು ಡ್ರಮ್ಮಿಗೆ ಜಾಗ ಗುರುತು ಮಾಡಿಡಿ. ನೀರನ್ನು ಒಂದು ದಿನಕ್ಕಿಂತ ಜಾಸ್ತಿ ಇಡಬೇಡಿ, ಮುಚ್ಚಳ ತಪ್ಪಿಸಬೇಡಿ. ವಾಸನೆ ಬರುತ್ತದೆ, ಸೊಳ್ಳೆ ಸೇರುತ್ತವೆ.

ಕರೆಂಟು

ಇದರಲ್ಲಿ ಮಾತ್ರ ಉಳಿತಾಯ ನೋಡಬೇಡಿ. ನೀರು ಕಾಯಿಸಿ ಒಗೆಯುವ ವಾಷಿಂಗ್ ಮೆಷಿನ್ 2000 ವ್ಯಾಟ್‌ವರೆಗೆ ಎಳೆಯುತ್ತದೆ. ಅಂದರೆ ಸುಮಾರು 9 ಆಂಪಿಯರ್. ಮಾಮೂಲಿ ಚಿಕ್ಕ ಸಾಕೆಟ್ಟಿಗೆ 6 ಆಂಪಿಯರ್ ಅಷ್ಟೇ ತಾಕತ್ತು. ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಓಡಿಸಿದರೆ ಅದು ಬಿಸಿಯಾಗಿ ಕರಗಬಹುದು. 16 ಆಂಪಿಯರ್ ಸಾಕೆಟ್, ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ವೈರ್, ಸಾಧ್ಯವಾದರೆ 4, ಮತ್ತು ಸರಿಯಾದ ಅರ್ಥಿಂಗ್. ಮುಖ್ಯ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಇದೆಯಾ ಅಂತ ಎಲೆಕ್ಟ್ರಿಷಿಯನ್ ಬಂದಾಗ ಕೇಳಿ. ಒದ್ದೆ ಕೈ, ಒದ್ದೆ ನೆಲದ ಜಾಗದಲ್ಲಿ ಜೀವ ಉಳಿಸುವ ಸಾಧನ ಅದು. ಸಾಕೆಟ್ ಎದೆಮಟ್ಟದಲ್ಲಿರಲಿ, ನಲ್ಲಿಯಿಂದ ದೂರ ಇರಲಿ, ಮೇಲೆ ಮುಚ್ಚುವ ಪ್ಲಾಸ್ಟಿಕ್ ಕವರ್ ಇರಲಿ.

ಬೆಳಕು ತುಂಬ ಜನ ಮರೆಯುವ ಸಂಗತಿ. ಹಳದಿ ಬಲ್ಬಿನ ಕೆಳಗೆ ಅಂಗಿ ಕಾಲರಿನ ಕೊಳೆ ಕಾಣುವುದಿಲ್ಲ. ಒಂದು 20 ವ್ಯಾಟ್ ಎಲ್‌ಇಡಿ ಟ್ಯೂಬ್ ಹಾಕಿ. ಇಡೀ ಕೆಲಸದಲ್ಲಿ ಕಡಿಮೆ ಖರ್ಚಿಗೆ ಜಾಸ್ತಿ ಬದಲಾವಣೆ ಕಂಡದ್ದು ನಮಗೆ ಇದರಿಂದ.

ಕಿಟಕಿ ಮುಚ್ಚುವ ಮೊದಲು ಗ್ಯಾಸ್ ನೋಡಿ

ಮಳೆ ಇರಚಲಿಗೆ, ಧೂಳಿಗೆ, ಪಾರಿವಾಳಕ್ಕೆ ಬೇಸತ್ತು ಯುಟಿಲಿಟಿಯ ಗ್ರಿಲ್ಲಿಗೆ ಪೂರ್ತಿ ಗಾಜು ಅಥವಾ ಪ್ಲಾಸ್ಟಿಕ್ ಶೀಟ್ ಹಾಕಿಸುವವರು ಬಹಳ. ನಿಮ್ಮ ಯುಟಿಲಿಟಿಯಲ್ಲಿ ಗ್ಯಾಸ್ ಗೀಸರ್ ಇದ್ದರೆ ದಯವಿಟ್ಟು ಹೀಗೆ ಮಾಡಬೇಡಿ. ಗಾಳಿಯಾಡದ ಜಾಗದಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಉಸಿರಾಡಿದವರಿಗೆ ಗೊತ್ತಾಗುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಗ್ಯಾಸ್ ಗೀಸರಿನಿಂದ ಜೀವ ಹೋದ ಸುದ್ದಿಯನ್ನು ನಮ್ಮ ಊರಿನಲ್ಲೇ ಎಷ್ಟು ಸಲ ಓದಿಲ್ಲ?

ಸಿಲಿಂಡರ್ ವಿಷಯವೂ ಹಾಗೇ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಮಡುಗಟ್ಟುತ್ತದೆ. ಚಂದ ಕಾಣಲಿ ಅಂತ ಸಿಲಿಂಡರನ್ನು ಬಾಗಿಲಿನ ಕಪಾಟಿನಲ್ಲಿ ಅಡಗಿಸಬೇಡಿ. ಅಡಗಿಸಲೇಬೇಕಾದರೆ ಕೆಳಭಾಗದಲ್ಲಿ ಜಾಲರಿ ಇರುವ ಬಾಗಿಲು ಹಾಕಿಸಿ. ಸ್ವಿಚ್ ಬೋರ್ಡ್ ಅದರ ಪಕ್ಕ ಬೇಡ.

ಹಾಗಾದರೆ ಮಳೆಗೆ ಏನು ಮಾಡುವುದು? ಮೇಲೆ ಎತ್ತಿ ಸುತ್ತುವ ಬಿದಿರಿನ ಚಾಪೆ ಅಥವಾ ಪಾರದರ್ಶಕ ಪರದೆ ಹಾಕಿ. ಮಳೆ ಬಂದಾಗ ಇಳಿಸಿ, ನಿಂತ ಮೇಲೆ ಎತ್ತಿ. ಗ್ಯಾಸ್ ಗೀಸರ್ ಉರಿಯುವಾಗ ಮಾತ್ರ ಅದು ಎತ್ತಿಯೇ ಇರಬೇಕು. ಪಾರಿವಾಳಕ್ಕೆ ನೈಲಾನ್ ಬಲೆ ಸಾಕು.

ಗೋಡೆ

ಬಣ್ಣಕ್ಕೆ ಅವಸರ ಬೇಡ. ಉಬ್ಬಿದ ಪ್ಲಾಸ್ಟರನ್ನು ಗಟ್ಟಿ ಭಾಗ ಸಿಗುವವರೆಗೆ ಕೆರೆದು ತೆಗೆಯಿರಿ. ಗೋಡೆಯನ್ನು ಎರಡು ಮೂರು ವಾರ ಒಣಗಲು ಬಿಡಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇದಕ್ಕೆ ಒಳ್ಳೆಯ ಸಮಯ. ಒಳಗಿನ ಗೋಡೆಯಾದರೂ ಹೊರಗೋಡೆಗೆ ಹೊಡೆಯುವ ಎಕ್ಸ್‌ಟೀರಿಯರ್ ಎಮಲ್ಷನ್ನನ್ನೇ ತನ್ನಿ, ತೇವ ತಡೆಯುತ್ತದೆ. ತಿಳಿ ಬಣ್ಣ ಒಳ್ಳೆಯದು. ಸಿಂಕ್ ಹಿಂದೆ ಎರಡು ಸಾಲು ಟೈಲ್ಸ್ ಹಾಕಿಸಿ. ಟೈಲ್ಸ್ ಅಂಗಡಿಯಲ್ಲಿ ಮಿಕ್ಕಿದ ಒಂದೆರಡು ಬಾಕ್ಸ್ ಇದೆಯಾ ಅಂತ ಕೇಳಿದರೆ ಕಡಿಮೆ ಬೆಲೆಗೆ ಕೊಡುತ್ತಾರೆ.

ಒಣಹಾಕುವುದು

ನನ್ನ ಅಜ್ಜಿಯ ಮನೆಯಲ್ಲಿ ನಡುಮನೆಯ ಸೂರಿನಿಂದ ಎರಡು ಹಗ್ಗದಲ್ಲಿ ಒಂದು ಬಿದಿರಿನ ಗಳು ತೂಗುತ್ತಿತ್ತು. ಅಜ್ಜಿ ಮಡಿಸೀರೆಯನ್ನು ಕೋಲಿನ ತುದಿಯಿಂದ ಎತ್ತಿ, ಯಾರ ಕೈಗೂ ಸಿಗದ ಎತ್ತರದಲ್ಲಿ ಹರವುತ್ತಿದ್ದರು. ಮಡಿಗಾಗಿ ಮಾಡಿದ್ದೇ ಆದರೂ ಅದರಲ್ಲಿ ಒಂದು ಲೆಕ್ಕ ಇತ್ತು. ಮನೆಯೊಳಗೆ ಬಿಸಿ ಗಾಳಿ ಮೇಲೇರಿ ಸೂರಿನ ಹತ್ತಿರ ಸೇರುತ್ತದೆ, ಬಟ್ಟೆ ಅಲ್ಲಿ ಬೇಗ ಒಣಗುತ್ತದೆ. ಈಗ ಸಿಗುವ ರಾಟೆಯ ಹ್ಯಾಂಗರ್ ಅದೇ ಗಳುವಿನ ಮೊಮ್ಮಗು. ಆರು ಸ್ಟೀಲ್ ಪೈಪು, ಒಂದೊಂದಕ್ಕೂ ಬೇರೆ ಬೇರೆ ದಾರ. ಒಂದೊಂದಾಗಿ ಕೆಳಗೆ ಇಳಿಸಿ, ಹರವಿ, ಮೇಲೆತ್ತಬಹುದು. ಅತ್ತೆ ಕೈ ಎತ್ತಬೇಕಾಗಿಲ್ಲ, ಸ್ಟೂಲ್ ಹತ್ತಬೇಕಾಗಿಲ್ಲ. ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಕೊಳ್ಳುವಾಗ ಪೈಪು ಸ್ಟೇನ್‌ಲೆಸ್ ಸ್ಟೀಲೇ ಅಂತ ಖಾತ್ರಿ ಮಾಡಿಕೊಳ್ಳಿ. ತುಕ್ಕಿನ ಗೆರೆ ಬಿಳಿ ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ. ಪೈಪುಗಳ ನಡುವೆ ಒಂದು ಗೇಣಾದರೂ ಅಂತರ ಇರಲಿ. ಒದ್ದೆ ಬೆಡ್‌ಶೀಟಿನ ಭಾರ ಸಣ್ಣದಲ್ಲ. ಹಾಗಾಗಿ ಕಾಂಕ್ರೀಟ್ ಸೂರಿಗೆ ಆಂಕರ್ ಹೊಡೆದೇ ಕೂರಿಸಬೇಕು. ಫಾಲ್ಸ್ ಸೀಲಿಂಗಿಗೆ ಬೇಡ.

ಬೆಂಗಳೂರಿನಲ್ಲಿ ಜಾಸ್ತಿ ಮಳೆ ಬರುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಜುಲೈ, ಆಗಸ್ಟಿನಲ್ಲಿ ಜಿಟಿಜಿಟಿ, ಮೋಡ, ತಣ್ಣನೆ ಗಾಳಿ. ಮುಗ್ಗಲು ವಾಸನೆ ಶುರುವಾಗುವುದು ಆಗಲೇ. ಬಟ್ಟೆ ತುಂಬ ಹೊತ್ತು ಒದ್ದೆಯಾಗಿದ್ದರೆ ಬ್ಯಾಕ್ಟೀರಿಯಾ ಬೆಳೆದು ವಾಸನೆ ಬರುತ್ತದೆ. ಪರಿಮಳದ ದ್ರವ ಹಾಕಿದರೆ ಅದು ಮುಚ್ಚಿಕೊಳ್ಳುತ್ತದೆ ಅಷ್ಟೇ, ಹೋಗುವುದಿಲ್ಲ. ನಾವು ಮಾಡುವುದು ಇಷ್ಟು: ಕೊನೆಗೆ ಇನ್ನೊಂದು ಸಲ ಸ್ಪಿನ್ ಹಾಕುತ್ತೇವೆ. ಶರ್ಟು, ಕುರ್ತಾಗಳನ್ನು ಹ್ಯಾಂಗರಿಗೆ ಹಾಕಿಯೇ ತೂಗುಹಾಕುತ್ತೇವೆ. ಜೀನ್ಸನ್ನು ಒಳಗು ಹೊರಗು ಮಾಡಿ, ಸೊಂಟದ ಕಡೆ ಬಾಯಿ ತೆರೆದಿರುವ ಹಾಗೆ ಕ್ಲಿಪ್ ಹಾಕುತ್ತೇವೆ. ಜೊತೆಗೆ ಗೋಡೆಗೆ ಒಂದು ಚಿಕ್ಕ ಫ್ಯಾನ್. 50 ವ್ಯಾಟಿನ ಫ್ಯಾನ್ ಹತ್ತು ಗಂಟೆ ತಿರುಗಿದರೂ ಅರ್ಧ ಯೂನಿಟ್. ಡ್ರೈಯರ್ ಇದ್ದರೆ ಒಂದೇ ಸಲಕ್ಕೆ ಅದರ ಎಷ್ಟೋ ಪಟ್ಟು ಬೇಕು. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕಲ್ಲ, ಅಂಚಿನಲ್ಲಿರುವ ಮನೆಗಳಿಗೆ ಈ ಲೆಕ್ಕ ಮುಖ್ಯ.

ಒಗೆದಾದ ಮೇಲೆ ಮೆಷಿನ್ನಿನ ಬಾಗಿಲು ಮುಚ್ಚಬೇಡಿ, ಸ್ವಲ್ಪ ತೆರೆದೇ ಇಡಿ. ಫ್ರಂಟ್ ಲೋಡಿನ ರಬ್ಬರ್ ಮಡಿಕೆಯನ್ನು ಒಣ ಬಟ್ಟೆಯಿಂದ ಒರೆಸಿ. ಎಷ್ಟೋ ಸಲ ವಾಸನೆ ಶುರುವಾಗುವುದೇ ಅಲ್ಲಿಂದ.

ಸಾಮಾನು ಎಲ್ಲಿ, ಎಷ್ಟಕ್ಕೆ

ಶೆಲ್ಫಿಗೆ ಪ್ಲೈವುಡ್ ಬೇಡ. ಸಾದಾ ಪ್ಲೈ ನೀರು ಕುಡಿದು ಉಬ್ಬುತ್ತದೆ. ಹಳೆ ಪದ್ಧತಿಯ ಕಡಪ ಕಲ್ಲಿನ ಹಲಗೆ ಅಗ್ಗ, ಗಟ್ಟಿ. ಗೋಡೆ ಕೊರೆಯುವುದು ಬೇಡವಾದರೆ ಸ್ಟೀಲಿನ ಸ್ಲಾಟೆಡ್ ಆಂಗಲ್ ರ‍್ಯಾಕ್ ತನ್ನಿ, ಮೆಷಿನ್ನಿನ ಮೇಲಿನ ಖಾಲಿ ಜಾಗಕ್ಕೆ ಸರಿಯಾಗಿ ಕತ್ತರಿಸಿಕೊಡುತ್ತಾರೆ. ಇಸ್ತ್ರಿ ಮೇಜಿಗೆ ಜಾಗ ಹುಡುಕುವ ಮೊದಲು ಒಮ್ಮೆ ಯೋಚಿಸಿ. ಬೀದಿ ಮೂಲೆಯ ಇಸ್ತ್ರಿ ಗಾಡಿಗೆ ಬಟ್ಟೆ ಕೊಡುವ ಮನೆಗೆ ಬೇಕಾದದ್ದು ಮೇಜಲ್ಲ, ಎರಡು ಬುಟ್ಟಿ: ಒಗೆಯಲು ಒಂದು, ಇಸ್ತ್ರಿಗೆ ಕೊಡಲು ಒಂದು.

ನಲ್ಲಿ, ಸ್ಕ್ರೂ, ಕ್ಲಾಂಪುಗಳಿಗೆ ಎಸ್.ಪಿ. ರಸ್ತೆ, ವೈರು ಮತ್ತು ದೀಪಕ್ಕೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ. ಬುಟ್ಟಿ, ಹಗ್ಗ, ಬಿದಿರಿನ ಸಾಮಾನಿಗೆ ಕೆ.ಆರ್. ಮಾರ್ಕೆಟ್ ಸುತ್ತಮುತ್ತ. ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋಗಿ ಇಳಿದರೆ ಪಾರ್ಕಿಂಗ್ ತಲೆನೋವು ಇಲ್ಲ. ಅಳತೆ ಬರೆದುಕೊಂಡು ಹೋಗಿ. ಫ್ರಂಟ್ ಲೋಡ್ ಮೆಷಿನ್ ಸಾಮಾನ್ಯವಾಗಿ 60 ಸೆಂಟಿಮೀಟರ್ ಅಗಲ, 85 ಎತ್ತರ. ಹಿಂದೆ ಪೈಪಿಗೆ ಒಂದು ಗೇಣು ಜಾಗ ಬೇಕು.

ನಮ್ಮ ಎರಡನೇ ಸಲದ ಖರ್ಚು ಹೀಗಿತ್ತು. ಗಾರೆ ಕೆಲಸ ಮತ್ತು ಸಾಮಾನಿಗೆ 5,200 ರೂಪಾಯಿ. ಎಲೆಕ್ಟ್ರಿಷಿಯನ್ ಮತ್ತು ವೈರಿಗೆ 2,300. ರಾಟೆ ಹ್ಯಾಂಗರ್ ಕೂರಿಸಿದ್ದೂ ಸೇರಿ 2,200. ರ‍್ಯಾಕಿಗೆ 2,000, ಬಣ್ಣಕ್ಕೆ 1,900. ದೀಪ, ಬುಟ್ಟಿ, ಕ್ಲಿಪ್ಪಿಗೆ 600. ಒಟ್ಟು 14,200. ಬಣ್ಣ ನಾವೇ ಹೊಡೆದೆವು. ಎಲ್ಲ ಒಟ್ಟಿಗೆ ಆಗದಿದ್ದರೆ ಈ ತಿಂಗಳು ವಾಟ ಮತ್ತು ಕರೆಂಟು ಮಾಡಿಸಿ. ಹ್ಯಾಂಗರ್ ಮುಂದಿನ ತಿಂಗಳು, ಬಣ್ಣ ಯಾವಾಗಾದರೂ.

ಬಾಡಿಗೆ ಮನೆಯಾದರೆ

ವಾಟ, ವೈರಿಂಗ್ ಎರಡೂ ಓನರ್ ಮಾಡಿಸಿಕೊಡಬೇಕಾದ ಕೆಲಸ. ಉಬ್ಬಿದ ಗೋಡೆಯ ಫೋಟೋ ತೋರಿಸಿ, "ಸರ್, ಹೀಗೇ ಬಿಟ್ಟರೆ ಗೋಡೆ ನಿಮ್ಮದೇ ಹಾಳಾಗುತ್ತೆ" ಅಂತ ವಿವರಿಸಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ನೀವು ಖರ್ಚು ಮಾಡಿ ಬಾಡಿಗೆಯಲ್ಲಿ ಕಳೆಯುವುದಾದರೆ ಅದನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ನಿಮ್ಮ ದುಡ್ಡು ಹೊತ್ತುಕೊಂಡು ಹೋಗಬಹುದಾದ ವಸ್ತುಗಳಿಗೆ ಹೋಗಲಿ: ರ‍್ಯಾಕ್, ಮಡಚುವ ಸ್ಟ್ಯಾಂಡ್, ಬುಟ್ಟಿ, ಫ್ಯಾನ್, ರಾಟೆ ಹ್ಯಾಂಗರ್. ಹ್ಯಾಂಗರಿಗೆ ಸೂರಿನಲ್ಲಿ ತೂತು ಹೊಡೆಯುವ ಮೊದಲು ಓನರನ್ನು ಕೇಳಿ. ಮನೆ ಬಿಡುವಾಗ ಅದನ್ನು ಬಿಚ್ಚಿ, ತೂತುಗಳಿಗೆ ವೈಟ್ ಸಿಮೆಂಟ್ ತುಂಬಿ ಉಜ್ಜಿ, ಅಡ್ವಾನ್ಸ್ ವಾಪಸ್ ಕೇಳುವ ದಿನಕ್ಕೆ ಮುಂಚೆಯೇ ಆ ಫೋಟೋ ಕಳಿಸಿಬಿಡಿ.